ಹೊಸ ವಿಂಚು, ಹಳೆ ಕೊಕ್ಕೆ

ಈಜು ಬಾರದ ಮನುಷ್ಯರೊಬ್ಬರು, ಕೆರೆ ಏರಿಯ ಮೇಲೆ ನಡೆಯುವಾಗ ಹೆಂಡತಿಯನ್ನೇ ನೀರಿನ ಕಡೆಗೆ ಹಾಕಿಕೊಂಡು ನಡೆಯುವವರು, ಮನೆಯಲ್ಲಿ ಹಾಯಿದೋಣಿ ಸಾಕಿದ್ದಾರೆ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಒಳ್ಳೆಯದು, ನಿಮಗೆ ಬುದ್ಧಿ ಇದೆ ಅಂತಾಯಿತು. ಆ ಮನುಷ್ಯರು ನಮ್ಮ ಮನೆಯವರು. ನನ್ನನ್ನು ಕಟ್ಟಿಕೊಂಡು ನಲವತ್ತೆಂಟು ವರ್ಷ, ದೋಣಿಯನ್ನು ಕಟ್ಟಿಕೊಂಡು ಹನ್ನೆರಡು.

ಹಲಸೂರಿನವರು. ಕಾರ್ಖಾನೆಯಲ್ಲಿ ಲೇತ್ ತಿರುಗಿಸಿ ರಿಟೈರ್ ಆದವರು. ಇಂದಿರಾನಗರದಲ್ಲಿ ಯಾರೋ ಮುದಿ ಮಿಲಿಟರಿ ಸಾಹೇಬರು ಮನೆ ಖಾಲಿ ಮಾಡುವಾಗ, ಬೇಕಾದ್ದು ಏನಾದರೂ ತಗೊಂಡು ಹೋಗು ಎಂದರಂತೆ. ಬೇರೆಯವರಾಗಿದ್ದರೆ ಸೋಫಾ ತರುತ್ತಿದ್ದರು. ಇವರು ಹದಿನಾರು ಅಡಿಯ ನೀಲಿ ದೋಣಿಯನ್ನು ಟ್ರಾಕ್ಟರಿಗೆ ಕಟ್ಟಿಕೊಂಡು ಮಹದೇವಪುರಕ್ಕೆ ಬಂದರು. ನಮ್ಮಪ್ಪ ನನಗೆ ಬಿಟ್ಟುಹೋದ ಅಂಗಳದಲ್ಲಿ, ಬಾವಿ ಮುಚ್ಚಿದ ಚಪ್ಪಡಿಯ ಪಕ್ಕದಲ್ಲೇ, ಕಲ್ಲುಗಳನ್ನು ಪೇರಿಸಿ ಅದನ್ನು ಎತ್ತರದಲ್ಲಿ ಕೂರಿಸಿದರು. ನಾನು ಹುಟ್ಟಿ ಬೆಳೆದ ಮನೆ ಅದು. ಈಗ ಕ್ಯಾಬ್ ಡ್ರೈವರುಗಳು ಫೋನ್ ಮಾಡಿ ಕೇಳುವುದೇನು ಗೊತ್ತೇ? "ಅಜ್ಜಿ, ದೋಣಿ ಮನೆ ತಾನೆ?"

ಬೆಳಿಗ್ಗೆ ಎದ್ದರೆ ಮೊದಲು ಅದರ ಮುಖ ನೋಡುತ್ತಾರೆ. ನನ್ನ ಮುಖ ನೋಡುವುದು ಕಾಫಿ ತಡವಾದಾಗ.

ಈ ದೋಣಿಯ ಹೊಟ್ಟೆಯೊಳಗೆ ಕಬ್ಬಿಣದ ದಪ್ಪ ಹಲಗೆಯೊಂದಿದೆ. ಕೀಲ್ ಎನ್ನುತ್ತಾರೆ. ಆಳದ ನೀರಿನಲ್ಲಿ ದೋಣಿ ಮಗುಚದಿರಲಿ ಎಂದು ಅದನ್ನು ಕೆಳಗೆ ಇಳಿಸಬೇಕು, ದಡಕ್ಕೆ ಬಂದಾಗ ಮೇಲೆ ಎಳೆದುಕೊಳ್ಳಬೇಕು. ಎಳೆಯುವುದಕ್ಕೆ ವಿಂಚು. ಅದರ ಹಿಡಿ ತಿರುಗಿಸಿದರೆ ತಂತಿಹಗ್ಗ ಸುತ್ತಿಕೊಳ್ಳುತ್ತದೆ. ಹಲ್ಲಿನ ಚಕ್ರದ ಮೇಲೆ ಒಂದು ಕೊಕ್ಕೆ ಟಕ್ ಟಕ್ ಎಂದು ಬಿದ್ದು, ಸುತ್ತಿದ್ದು ಬಿಚ್ಚಿಹೋಗದಂತೆ ಹಿಡಿಯುತ್ತದೆ. ಬಾವಿಯಲ್ಲಿ ನೀರು ಸೇದಿದವರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ನಮ್ಮ ದೋಣಿಯ ವಿಂಚು ಸವೆದು ಸತ್ತಿತ್ತು. ಕೀಲು ಜೋತುಬಿದ್ದು, ಮೇಲೇಳುತ್ತಲೇ ಇರಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಬೀದಿಗೆ ಸೊಂಟದವರೆಗೆ ನೀರು ಬಂತು. ಅಪಾರ್ಟ್‌ಮೆಂಟಿನವರೆಲ್ಲ ಬಾಲ್ಕನಿಯಲ್ಲಿ ನಿಂತು, "ಅಂಕಲ್, ದೋಣಿ ತೆಗೀರಿ" ಎಂದರು. ಹೇಗೆ ತೆಗೆಯುವುದು? ಕೀಲು ನೆಲಕ್ಕೆ ಕಚ್ಚಿಕೊಂಡಿದೆ. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಜನರನ್ನು ಸಾಗಿಸಲು ಬಂದ ಟ್ರಾಕ್ಟರ್ ಹತ್ತಿ ಲಿಂಗರಾಜಪುರದ ತಂಗಿಯ ಮನೆಗೆ ಹೋದೆ. ಇವರು ಬರಲಿಲ್ಲ. ದೋಣಿ ನೆನೆಯುತ್ತದೆಂದು ಅದಕ್ಕೆ ಟಾರ್ಪಾಲು ಹೊದಿಸುತ್ತಾ ಕುಳಿತರು.

ಇನ್ನೊಂದು ಹೇಳುತ್ತೇನೆ ಕೇಳಿ. ನನ್ನ ದವಡೆ ಹಲ್ಲು ನಾಲ್ಕು ಉದುರಿದಾಗ ಇವರು ಹೇಳಿದ್ದು ಒಂದೇ ಮಾತು: "ಮುದ್ದೆ ಅಗಿಯೋದೇನಿದೆ, ನುಂಗು." ವಿಂಚಿನ ಚಕ್ರದ ಹಲ್ಲು ಸವೆದಾಗ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈ ವರ್ಷ ಮಳೆ ಶುರುವಾಗುತ್ತಲೇ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. "ನೋಡಿ, ಗೌರಿ ಹಬ್ಬದೊಳಗೆ ಆ ಕೀಲು ಮೇಲೇಳಬೇಕು. ಏಳ್ಲಿಲ್ಲ, ದೋಣಿ ಗುಜರಿಗೆ."

"ಎದ್ರೆ?"

"ಎದ್ರೆ ನಾನು ಬಾಯಿ ಮುಚ್ಕೋತೀನಿ."

ಇಷ್ಟು ದೊಡ್ಡ ಬಹುಮಾನ ಯಾರು ಬಿಡುತ್ತಾರೆ? ಒಪ್ಪಿಕೊಂಡರು.

ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗೆ ನಾನೂ ಜೊತೆಗೆ ಹೋದೆ. ಏಕೆಂದರೆ ಆ ದೋಣಿಗಾಗಿ ಇವರು ಎಲ್ಲೆಲ್ಲಿ ಹಲ್ಲು ಕಿರಿಯುತ್ತಾರೆಂದು ನನಗೂ ತಿಳಿಯಬೇಕಲ್ಲ. ಅಂಗಡಿಯ ಭಾಯಿ ಯಾವುದೋ ಜೀಪಿನದೆಂದು ಒಂದು ವಿಂಚು ತಂದು ಮುಂದಿಟ್ಟ. ಇವರು ಅದನ್ನು ಮಡಿಲಲ್ಲಿಟ್ಟುಕೊಂಡು, ಕಿವಿ ಹಚ್ಚಿ, ಸವರಿ ಸವರಿ ಅರ್ಧ ಗಂಟೆ ನೋಡಿದರು.

"ಅಮ್ಮಾ, ನೀವು ಕೂತ್ಕೊಂಡು ಚಾಯ್ ಕುಡೀರಿ," ಎಂದ ಭಾಯಿ. "ಸಾಬ್ ಹೆಣ್ಣು ನೋಡಾಕೆ ಬಂದಂಗೆ ನೋಡ್ತಾವ್ರೆ."

"ಹೆಣ್ಣು ನೋಡೋಕೆ ಬಂದಾಗ ಇವರು ತಲೆ ಎತ್ಲಿಲ್ಲಪ್ಪ," ಎಂದೆ.

ಸುಳ್ಳಲ್ಲ. ನಾನು ಕಾಫಿ ತಂದು ಎದುರಿಗೆ ನಿಂತರೂ ಕತ್ತು ಬಗ್ಗಿಸಿಯೇ ಇದ್ದರು. ಹೋಗುವಾಗ ಮಾತ್ರ ಬಾವಿಯ ಹತ್ತಿರ ಹೋಗಿ ನಮ್ಮ ರಾಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ವಾರ ಬಂದು ಅದಕ್ಕೆ ಹಲ್ಲಿನ ಚಕ್ರ, ಕೊಕ್ಕೆ ಎರಡೂ ಹಾಕಿ, ಕೈ ಬಿಟ್ಟರೂ ಕೊಡ ಬಾವಿಗೆ ಬೀಳದ ಹಾಗೆ ಮಾಡಿ ಹೋದರು. ಹುಡುಗ ಒಪ್ಪಿದ್ದು ಹುಡುಗಿಯನ್ನೋ ರಾಟೆಯನ್ನೋ ಎಂದು ನಮ್ಮಮ್ಮ ಸಾಯುವವರೆಗೂ ಕೇಳುತ್ತಿದ್ದಳು.

ಜೀಪಿನ ವಿಂಚು ಗಟ್ಟಿಯಾಗಿತ್ತು. ಆದರೆ ಅದರ ಕೊಕ್ಕೆ ಇರಲಿಲ್ಲ.

"ಜೋಡಿ ಕೊಕ್ಕೆ ಗೋಡೌನಲ್ಲಿದೆ ಸಾಬ್. ಸೋಮವಾರ ಬನ್ನಿ, ಹುಡುಕಿ ಇಟ್ಟಿರ್ತೀನಿ."

"ಬೇಡ ಬೇಡ, ಹಬ್ಬ ಬಂತು. ನಮ್ಮ ಹಳೆ ಕೊಕ್ಕೆನೇ ಹಾಕ್ತೀನಿ, ಚೆನ್ನಾಗೇ ಇದೆ."

ಚೆನ್ನಾಗಿರಲಿಲ್ಲ. ಅದರ ಮೂತಿ ನನ್ನ ಹಳೇ ಚಪ್ಪಲಿಯ ಹಿಮ್ಮಡಿಯ ಹಾಗೆ ಸವೆದು ಉರುಟಾಗಿತ್ತು. ಮನೆಗೆ ಬಂದು ಕೂರಿಸಿ ತಿರುಗಿಸಿದಾಗ ಬಂದ ಸದ್ದು ಟಕ್ ಅಲ್ಲ, ಟಿಕ್. ಕೊಕ್ಕೆ ಹಲ್ಲಿನ ತುದಿಯಲ್ಲಷ್ಟೇ ಕುಳಿತಿದೆ ಎಂದು ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಯಿತು. ಹದಿನೈದು ವರ್ಷ ಆ ಬಾವಿಯಲ್ಲಿ ನೀರು ಸೇದಿದ ಕಿವಿ ಇದು. ಹೇಳಬಹುದಿತ್ತು. ಹೇಳಲಿಲ್ಲ. ಜಾರಲಿ, ನಾಲ್ಕು ಜನರೆದುರು ಢಬ್ಬೆಂದು ಬೀಳಲಿ, ಗುಜರಿಗೆ ಹೋಗಲಿ ಎಂದುಕೊಂಡೆ. ಹೊಟ್ಟೆಕಿಚ್ಚಿಗೆ ವಯಸ್ಸಾಗುತ್ತದೆಯೇ?

ಹಬ್ಬಕ್ಕೆ ನಾಲ್ಕು ದಿನ ಇತ್ತು, ಶನಿವಾರ. "ಮೇಲೆ ಹತ್ತಿ ಸ್ವಲ್ಪ ತಿರುಗ್ಸು ಬಾ, ನಾನು ಕೆಳಗಿಂದ ನೋಡ್ತೀನಿ" ಎಂದರು. ಸೋಲುವುದನ್ನು ಕಣ್ಣಾರೆ ನೋಡುವ ಆಸೆಗೆ ಸೆರಗು ಸಿಕ್ಕಿಸಿಕೊಂಡು ಹತ್ತಿದೆ. ಹಿಡಿ ತಿರುಗಿಸಿದೆ. ಟಿಕ್, ಟಿಕ್. ಕೀಲು ಕಿರ್ರೆನ್ನುತ್ತಾ ಮೇಲೆದ್ದಿತು. ಎಲ್ಲೋ ಉಜ್ಜಿದ ಸದ್ದು ಕೇಳಿ ಇವರು ಏನು ಮಾಡಿದರು? ಅಂಗಾತ ಮಲಗಿ, ತೆವಳಿಕೊಂಡು ಸೀದಾ ಕೀಲಿನ ಕೆಳಗೇ ಹೋದರು. ಅದನ್ನು ನಾನು ಎಣಿಸಿರಲಿಲ್ಲ.

ಆಗಲೇ ಕೊಕ್ಕೆ ಜಾರಿತು.

ಹಿಡಿ ನನ್ನನ್ನು ಎಳೆದುಕೊಂಡು ಹಿಂದಕ್ಕೆ ತಿರುಗಲು ಹೊರಟಿತು. ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಮೈಯೆಲ್ಲ ಹಾಕಿ ನಿಂತೆ.

"ಏ, ಬಿಡೇ! ಕೈ ಮುರಿಯುತ್ತೆ!" ಎಂದರು ಕೆಳಗಿನಿಂದ.

"ನೀವು ಮೊದ್ಲು ಈಚೆ ಬನ್ನಿ."

"ನೀನು ಬಿಡು ಅಂದ್ರೆ."

"ತಲೆ ಇದ್ಯಾ ನಿಮ್ಗೆ? ಬಿಟ್ರೆ ಬೀಳೋದು ನಿಮ್ಮೆದೆ ಮೇಲೇನೆ."

ನಲವತ್ತೆಂಟು ವರ್ಷದಲ್ಲಿ ನನ್ನ ಒಂದು ಮಾತಿಗೂ ಸುಲಭವಾಗಿ ಒಪ್ಪದವರು ಅವತ್ತು ಒಪ್ಪುತ್ತಾರೆಯೇ? ವಾದ ಮಾಡಿಕೊಂಡೇ ತೆವಳಿ ಈಚೆ ಬಂದರು. ಅವರ ಕಾಲು ಕಂಡ ಮೇಲೆ ಕೈ ಬಿಟ್ಟೆ. ಕೀಲು ಢಬ್ಬೆಂದು ಬಿತ್ತು, ದೋಣಿಯ ಹೊಟ್ಟೆ ಒಂದು ಮೊಳ ಸೀಳಿತು.

ಇವರು ದೋಣಿಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಇಳಿಸಿ, ಬಾವಿ ಚಪ್ಪಡಿಯ ಮೇಲೆ ಕೂರಿಸಿ, ಅಂಗೈ ಬಿಡಿಸಿ ನೋಡಿದರು. ಚರ್ಮ ಸುಲಿದು ಕೆಂಪಾಗಿತ್ತು.

"ಮತ್ತೆ ಹಂಗೇ ಮಾಡ್ಕೊಂಡ್ಯಲ್ಲ," ಎಂದರು.

"ಹಂಗೇ ಅಂದ್ರೆ?"

"ಅವತ್ತು ಕಾಫಿ ತಂದಾಗ್ಲೂ ಹಿಂಗೇ ಇತ್ತು. ಬಾವಿ ಹಗ್ಗ ಎಳ್ದು ಎಳ್ದು ಬೊಬ್ಬೆ ಎದ್ದಿತ್ತು. ತಲೆ ಎತ್ಲಿಲ್ಲ ಅಂತ ಊರಿಗೆಲ್ಲ ಹೇಳ್ತೀಯ. ನಾನು ಕೈ ನೋಡ್ತಾ ಇದ್ದೆ."

ಆಮೇಲೆ ನಾನೂ ಹೇಳಿಬಿಟ್ಟೆ. "ಆ ಕೊಕ್ಕೆ ಜಾರುತ್ತೆ ಅಂತ ನಂಗೆ ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ದೋಣಿ ತೊಲಗ್ಲಿ ಅಂತ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅಂಗೈಗೆ ಕೊಬ್ಬರಿ ಎಣ್ಣೆ ಸವರಿ, ಉಫ್ ಉಫ್ ಎಂದು ಊದಿದರು. "ಸರಿ, ಗುಜರಿಯವನಿಗೆ ಫೋನ್ ಮಾಡ್ತೀನಿ" ಎಂದು ಎದ್ದು, ಎಣ್ಣೆ ಕೈ ತೊಳೆಯಲು ಬಚ್ಚಲಿಗೆ ಹೋದರು.

ಅಷ್ಟರಲ್ಲಿ ನಾನು ಅವರ ಫೋನನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟೆ. ಸೋಮವಾರ ಕೈಗೆ ಬಟ್ಟೆ ಸುತ್ತಿಕೊಂಡು ಒಬ್ಬಳೇ ಶಿವಾಜಿನಗರದ ಬಸ್ ಹತ್ತಿದೆ.

"ಅಮ್ಮಾ, ಸಾಬ್ ಎಲ್ಲಿ?" ಎಂದ ಭಾಯಿ.

"ಮನೇಲಿ ಫೋನ್ ಹುಡುಕ್ತಾ ಅವ್ರೆ. ಆ ಜೋಡಿ ಕೊಕ್ಕೆ ಸಿಕ್ತೇನಪ್ಪ?"