ಬೇತಮಂಗಲದ ಸಮುದ್ರಯಾನ

ನಮ್ಮ ಮಾವ ಹುಟ್ಟಿದಾರಭ್ಯ ಸಮುದ್ರ ಕಂಡವರಲ್ಲ. ಆದರೆ ಸಮುದ್ರದಲ್ಲಿ ದೋಣಿ ನಡೆಸುವುದು ಹೇಗೆಂದು ಗಣಿಯೂರು ಚಾಂಪಿಯನ್ ರೀಫ್ಸ್‌ನ ಅರ್ಧ ಜನಕ್ಕೆ ಕಲಿಸಿದವರು ಅವರೇ! ನಗು ಬಂದರೆ ನಗಿ, ಪರವಾಗಿಲ್ಲ. ನಾವೂ ಬೇಕಾದಷ್ಟು ನಕ್ಕಿದ್ದೇವೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು, ಎಂಬತ್ತರ ದಶಕದಲ್ಲಿ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡವರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಇವರದು ಅದಕ್ಕೂ ಮೀರಿದ ಕೇಸು. ಮದುವೆಯಾಗಿ ಎಷ್ಟೋ ವರ್ಷ ಸರಿಯಾಗಿಯೇ ಇದ್ದು, ಆಮೇಲೆ ಹುಚ್ಚು ಹತ್ತಿಸಿಕೊಂಡರು. ಅದೂ ಕಡಲೆಕಾಯಿಯಿಂದ!

ಮಾರಿಕುಪ್ಪಂ ರೈಲಿನಲ್ಲಿ ಕೊಂಡ ಕಡಲೆಕಾಯಿಯ ಪೊಟ್ಟಣ ಯಾವುದೋ ಪರದೇಶದ ಪತ್ರಿಕೆಯ ಬಣ್ಣದ ಹಾಳೆಯಾಗಿತ್ತು. ನೀಲಿ ಸಮುದ್ರ, ಹಸಿರು ದ್ವೀಪಗಳು, ಬೇರೂರಿ ನೀರಿನಲ್ಲೇ ನಿಂತ ಮರಗಳು. ಆ ಮರಗಳ ನಡುವೆ ಉದ್ದಕ್ಕೆ, ಸಣ್ಣಗೆ ಒಂದು ದೋಣಿ. ಮುಂದೆ ಒಬ್ಬಳು ಹೆಂಗಸು, ಹಿಂದೆ ಹುಟ್ಟು ಹಾಕುವ ಗಂಡಸು. ಮಾವ ಕಡಲೆಕಾಯಿ ಮುಗಿಸಿ, ಹಾಳೆಯನ್ನು ತೊಡೆಯ ಮೇಲಿಟ್ಟು ನೇವರಿಸಿ, ಮನೆಗೆ ತಂದು ದೇವರ ಪಟಗಳ ಸಾಲಿನಲ್ಲಿ ಅಂಟಿಸಿದರು. ಅತ್ತೆ ಶುಕ್ರವಾರ ಪಟಗಳಿಗೆಲ್ಲ ಕುಂಕುಮ ಇಡುತ್ತಾ ಬಂದವರು ಅದಕ್ಕೂ ಒಂದು ಬೊಟ್ಟು ಇಟ್ಟು ಮುಂದಕ್ಕೆ ಹೋದರು.

ನೀರಿನಲ್ಲಿ ನಿಂತ ಮರ ನೋಡಲು ಪರದೇಶಕ್ಕೇಕೆ ಹೋಗಬೇಕು? ಬೇತಮಂಗಲದ ಕೆರೆಯಲ್ಲೇ ಇದ್ದವು. ಕೆರೆ ಒಣಗಿದ್ದಾಗ ಅಂಗಳದಲ್ಲಿ ನೆಟ್ಟ ಕರಿಜಾಲಿ ಗಿಡಗಳು, ಮಳೆ ಬಂದು ಕೆರೆ ತುಂಬಿದ ಮೇಲೆ ಸೊಂಟದವರೆಗೆ ಮುಳುಗಿ ನಿಂತಿದ್ದವು. ಮಧ್ಯೆ ಮಧ್ಯೆ ಮಣ್ಣಿನ ದಿಬ್ಬಗಳು. ಅವೇ ದ್ವೀಪಗಳು! ಅಲ್ಲಿಗೆ ದೋಣಿಯಲ್ಲಿ ಹೋಗಬೇಕು, ಮುಂದಿನ ಸೀಟಿನಲ್ಲಿ ಅತ್ತೆಯನ್ನೇ ಕೂರಿಸಬೇಕು ಎಂದು ಮಾವ ಹಟ ತೊಟ್ಟರು.

ಬಿದಿರು ಸೀಳಿ ಹಂದರ ಕಟ್ಟಿದರು. ಗುಜರಿಯಲ್ಲಿ ಸಿಕ್ಕಿದ ದಪ್ಪ ಕ್ಯಾನ್ವಾಸು ಹೊದಿಸಿ, ಹೊಲಿದು, ಟಾರು ಬಳಿದರು. ದೋಣಿಯೇನೋ ಚೆನ್ನಾಗಿಯೇ ಆಯಿತು. ಎಡವಟ್ಟಾದದ್ದು ಬೇತಮಂಗಲದ ಬಸ್ಸಿಗೆ ಹಾಕಲು ಅದನ್ನು ಬಸ್‌ಸ್ಟ್ಯಾಂಡಿಗೆ ಸಾಗಿಸುವಾಗ. ಟಾರಿಗೆ ಧೂಳು ಮೆತ್ತಬಾರದೆಂದು ಮಾವ ಅದರ ಮೇಲೊಂದು ಬಿಳಿ ಪಂಚೆ ಹೊದಿಸಿದ್ದರು. ಬಿದಿರಿನದು, ಆಳುದ್ದಕ್ಕಿಂತ ಉದ್ದ, ಮೇಲೆ ಬಿಳಿ ಬಟ್ಟೆ, ನಾಲ್ಕು ಜನರ ಹೆಗಲ ಮೇಲೆ. ನೋಡಿದವರು ಏನೆಂದುಕೊಳ್ಳಬೇಕು ಹೇಳಿ? ಬೀಡಿ ಸೇದುತ್ತಿದ್ದವರು ಬೀಡಿ ಎಸೆದರು. ತಲೆಗೆ ಸುತ್ತಿದ ಟವೆಲು ಬಿಚ್ಚಿ ಕೆಲವರು ಹಿಂದೆಯೇ ನಡೆಯತೊಡಗಿದರು. ಹೂವಿನವಳು ಒಂದು ಮೊಳ ಸೇವಂತಿಗೆಯನ್ನು ಪುಕ್ಕಟೆಯಾಗಿ ಮೇಲೆ ಹಾಕಿದಳು. ಯಾರೋ ಹಿರಿಯರು ಹತ್ತಿರ ಬಂದು ಮೆಲ್ಲಗೆ, "ಯಾರಪ್ಪಾ ಓಗ್ಬಿಟ್ಟಿದ್ದು?" ಎಂದು ಕೇಳಿದರಂತೆ.

"ಇನ್ನೂ ಯಾರೂ ಓಗಿಲ್ಲ. ಬಸ್ಸು ಬಂದ್ರೆ ನಾನೇ ಓಗ್ತೀನಿ" ಎಂದರಂತೆ ಮಾವ.

ಸುದ್ದಿ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಆ ಚಟ್ಟದಲ್ಲಿ ತಾನು ಕಾಲಿಡುವುದಿಲ್ಲ ಎಂದು ಸಾರಿಬಿಟ್ಟರು. ಮಾವ ಎಷ್ಟು ಗೋಗರೆದರೂ ಬಗ್ಗಲಿಲ್ಲ. ಅತ್ತೆ ಒಪ್ಪುವವರೆಗೆ ಕೈಯಾದರೂ ಪಳಗಲಿ ಎಂದು ಮಾವ ಸಿಕ್ಕಸಿಕ್ಕವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೆರೆ ಸುತ್ತಿಸತೊಡಗಿದರು. ಭಾನುವಾರ ಬಂತೆಂದರೆ ಹೊಸಬರಿಗೆ ಪಾಠ.

ಪಾಠ ಶುರುವಾಗುತ್ತಿದ್ದದ್ದು ನೀರಿನಲ್ಲಲ್ಲ, ಹುಲ್ಲಿನಲ್ಲಿ! ಮನೆಯ ಹಿಂದೆ ಒಣಹುಲ್ಲಿನ ರಾಶಿಯ ಮೇಲೆ ಬಿದಿರಿನ ಇನ್ನೊಂದು ಹಂದರ. ನನಗೆ ಮದುವೆಯಾದ ಹೊಸದು. ನನ್ನವರು ಬಂಗಾರಪೇಟೆಯಲ್ಲಿ ಮೇಷ್ಟ್ರು, ಇಸ್ತ್ರಿ ಹಾಕಿದ ಪ್ಯಾಂಟು ಮಡಿಸಿಕೊಂಡು ಪಾಪ ಅದರ ಮೇಲೆ ಕೂತರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿಯಲ್ಲಿ ಹುಟ್ಟು ಹಾಕಿದರು. ಅಕ್ಕಪಕ್ಕದ ಮನೆಯವರೆಲ್ಲ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಅಷ್ಟರಲ್ಲಿ ಅತ್ತೆಯ ಸೀಮೆಹಸು ಹಗ್ಗ ಬಿಚ್ಚಿಕೊಂಡು ಬಂದು ಕೆಳಗಿನಿಂದ ಹುಲ್ಲು ಎಳೆಯಿತು. ದೋಣಿ ಒಂದು ಕಡೆಗೆ ವಾಲಿತು. ನನ್ನವರು ಹಂದರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅದೇ ಅಲೆ ಅಳಿಯೋರೇ. ಅಲೆ ಬಂದ್ರೆ ಎದುರ್ಕೋಬಾರ್ದು. ಸೊಂಟ ಸಡಿಲ ಬಿಡ್ಬೇಕು" ಎಂದರು ಮಾವ. ಹಸು ಇನ್ನೊಂದು ಹಿಡಿ ಎಳೆಯಿತು. ನನ್ನವರು ಹುಲ್ಲಿನ ಸಮುದ್ರದಲ್ಲಿ ಮುಳುಗಿದರು!

ಇನ್ನು ಕೆರೆಯ ದಡದಲ್ಲಿ ಗಣಿಯ ಕಾನೂನು. ಗಣಿಯಲ್ಲಿ ಕೆಳಗಿಳಿಯುವವನು ಒಂದು ಬಿಲ್ಲೆ ತೆಗೆದುಕೊಂಡು, ಮೇಲೆ ಬಂದ ಮೇಲೆ ಅದನ್ನು ವಾಪಸು ಕೊಡಬೇಕಿತ್ತಂತೆ. ಯಾರ ಬಿಲ್ಲೆ ಬಂದಿಲ್ಲವೋ ಅವನಿನ್ನೂ ಕೆಳಗಿದ್ದಾನೆ ಎಂದು ಲೆಕ್ಕ. ಮಾವ ಹಾಲಿನಪುಡಿ ಡಬ್ಬದ ಮುಚ್ಚಳ ಕತ್ತರಿಸಿ ಬಿಲ್ಲೆ ಮಾಡಿ ಹೊಂಗೆಮರಕ್ಕೆ ನೇತುಹಾಕಿದ್ದರು. ದೋಣಿಯಲ್ಲಿ ಹಿಡಿಸುವುದೇ ಒಬ್ಬ ಪ್ರಯಾಣಿಕ, ಅವನಿಗೂ ಬಿಲ್ಲೆ ಬೇಕೆ ಎಂದು ನಾನು ಕಿಚಾಯಿಸಿದೆ. ಒಬ್ಬನೇ ಆದರೆ ಮರೆಯುವುದು ಇನ್ನೂ ಸುಲಭ ಎಂದರು ಮಾವ, ನಗದೆ. ಕೆರೆಗೆ ಉಗುಳುವುದಂತೂ ಮಹಾಪರಾಧ. ಅದೇ ನೀರು ತಾನೇ ಗಣಿಯೂರಿನ ನಲ್ಲಿಗೆ ಬರುವುದು! ಮನೆಯ ನಲ್ಲಿಯಲ್ಲಿ ಕೆಂಪು ನೀರು ಬಂದ ದಿನ ಅತ್ತೆ ಕೊಡ ಹಿಡಿದುಕೊಂಡು, ನಿಮ್ಮ ಮಾವ ಚೆನ್ನಾಗಿ ಕಲಕಿದ್ದಾರೆ ನೋಡು ಎನ್ನುತ್ತಿದ್ದರು.

ನಾನೂ ಒಮ್ಮೆ ಹೋದೆ. ದಡ ಬಿಟ್ಟ ಮೇಲೆ ಮಾವ ಒಂದೊಂದೇ ದ್ವೀಪ ತೋರಿಸುತ್ತಾ ಬಂದರು. ಮೊದಲನೆಯದರಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಎರಡನೆಯದರಲ್ಲಿ ಒಂದು ಪಾಳು ಗೋಡೆ. ಮೂರನೆಯದರ ವರ್ಣನೆ ಇನ್ನೂ ಮುಗಿದಿರಲಿಲ್ಲ, ಆ ದ್ವೀಪ ಎದ್ದು, ಬಾಲ ಬೀಸುತ್ತಾ, ನೀರು ಸುರಿಸಿಕೊಂಡು ದಡದ ಕಡೆಗೆ ಹೊರಟುಹೋಯಿತು. ಬೇತಮಂಗಲದ ಯಾರದೋ ಎಮ್ಮೆ! ಮಾವ ಒಂದಿಷ್ಟೂ ವಿಚಲಿತರಾಗಲಿಲ್ಲ. ಕೆಲವು ದ್ವೀಪ ಬೆಳಿಗ್ಗೆ ಮಾತ್ರ ಇರುತ್ತವೆ ಎಂದರು.

ಜಾಲಿ ಮರಗಳ ಒಳಗೆ ಹೊಕ್ಕ ಮೇಲೆ ಮಾತ್ರ ಅವರ ಬಾಯಿ ತಾನಾಗಿ ನಿಂತಿತು. ನೀರು ಅಲ್ಲಾಡುತ್ತಿರಲಿಲ್ಲ. ಹಳದಿ ಹೂವು ಒಂದೊಂದೇ ಉದುರುತ್ತಿತ್ತು. ತಲೆಯ ಮೇಲೆ ಬೆಳ್ಳಕ್ಕಿಗಳ ಗೂಡು, ಅವುಗಳ ಸಂದಿನಲ್ಲಿ ಆಕಾಶ. ಮಾವ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಮೇಲೆ ನೋಡುತ್ತಾ ಕೂತರು. "ಇದನ್ನ ಅವಳು ನೋಡ್ಬೇಕು ಕಣಮ್ಮ" ಎಂದರು. ಅಷ್ಟು ಆಸೆಯಿತ್ತು. ನನಗೆ ಅತ್ತೆಯ ಮೇಲೆ ಸಿಟ್ಟೇ ಬಂತು.

ಯಾಕೆಂದರೆ ಅತ್ತೆ ಮನೆಯಲ್ಲಾದರೂ ಇರುತ್ತಿದ್ದರೇ? ಇಲ್ಲ! ಪ್ರತಿ ಭಾನುವಾರ ಅದೇ ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಬರುವರು. ದಡದಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಲ್ಲುವರು. ದೋಣಿ ವಾಪಸು ಬರುವವರೆಗೆ ಅಲ್ಲಾಡುತ್ತಿರಲಿಲ್ಲ. ಇಷ್ಟು ಪುಕ್ಕಲು ಹೆಂಗಸನ್ನು ನಾನು ಕಂಡಿಲ್ಲ ಎಂದು ಅವರೆದುರಿಗೇ ಆಡಿಕೊಂಡಿದ್ದೇನೆ.

ಒಂದು ಭಾನುವಾರ ನನ್ನವರು ಮಾವನ ಜೊತೆ ಹೋಗಿದ್ದರು. ಗಾಳಿ ಎದ್ದಿತ್ತು. ದೋಣಿ ಮರಗಳ ಹಿಂದೆ ಹೋಗಿ ಬಹಳ ಹೊತ್ತಾಗಿತ್ತು. ನಾನು ಹೊಂಗೆಯ ನೆರಳಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದೆ. ಅತ್ತೆ ಎಂದಿನಂತೆ ಬಿಸಿಲಿನಲ್ಲಿ ನಿಂತಿದ್ದರು. ಕೆರೆ ತಾನೇ, ಬರುತ್ತಾರೆ, ಬಂದು ಕೂತ್ಕೊಳ್ಳಿ ಎಂದು ಕರೆದೆ. ಅತ್ತೆ ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಒತ್ತಲ್ಲದ ಒತ್ತಲ್ಲಿ ಸಂಗು ಕೂಗಿದ್ರೆ ನಾವೆಲ್ಲ ಶಾಫ್ಟ್ ಅತ್ರ ಓಡ್ತಿದ್ವಿ" ಎಂದರು. ಗಣಿಯ ಸೈರನ್ನಿಗೆ ಅಲ್ಲಿಯವರು ಸಂಗು ಎನ್ನುತ್ತಾರೆ; ಅದು ಹೊತ್ತು ತಪ್ಪಿ ಕೂಗಿದರೆ ಗಣಿಯಲ್ಲಿ ಅನಾಹುತ ಎಂದರ್ಥ. "ಅಲ್ಲಿ ಒಬ್ರೂ ಕೂತ್ಕೋತಿರ್ಲಿಲ್ಲ ಕಣೇ. ನಾವು ಕೂತ್ರೆ ಕೆಳಗಿರೋರು ಮೇಲಕ್ಕೆ ಬರಲ್ಲ ಅಂತ. ಬಸುರಿ ಆಗಿದ್ದಾಗ್ಲೂ ನಾನು ನಿಂತೇ ಇದ್ದೆ."

ಇವರಿಗೆ ನೀರಿನ ಭಯ ಎಂದುಕೊಂಡಿದ್ದೆವಲ್ಲ! ಮಾವನಿಗೂ ಇದು ಗೊತ್ತಿರಲಿಲ್ಲವೇನೋ. ಕೆಳಗಿದ್ದವರಿಗೆ ಮೇಲೆ ನಿಂತವರು ಎಲ್ಲಿ ಕಾಣುತ್ತಾರೆ?

"ಹಾಗಾದ್ರೆ ಅತ್ತೆ, ಜೊತೇಲೇ ಹೋಗಿದ್ರೆ?" ಎಂದು ಬಾಯಿತಪ್ಪಿ ಕೇಳಿದೆ. ಗಣಿಗೆ ಹೆಂಗಸರು ಇಳಿಯುವ ಹಾಗಿರಲಿಲ್ಲ ಎಂಬುದು ಕೇಳಿದ ಮೇಲೆ ನೆನಪಾಯಿತು. ದೋಣಿಗೆ ಮಾತ್ರ ಆ ಅಡ್ಡಿಯಿಲ್ಲ. ಅತ್ತೆ ಮೊದಲ ಸಲ ನೀರು ಬಿಟ್ಟು ನನ್ನ ಮುಖ ನೋಡಿದರು.

ಸ್ವಲ್ಪ ಹೊತ್ತಿಗೆ ದೋಣಿ ಬಂತು. ಅದು ದಡ ಮುಟ್ಟುವ ಮೊದಲೇ ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗೆ ನಡೆದರು. ನನ್ನವರಿಗೆ ಇಳಿಯುವಂತೆ ಕೈ ಮಾಡಿದರು. ಮಾವ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ನಿಂತು ನಿಂತು ಕಾಲು ಸೋತೋಗಿದೆ" ಎಂದರು ಅತ್ತೆ. "ನಾನೂ ಕೂತ್ಕೋತೀನಿ."

ಮಾವ ಪಾಠ ಹೇಳಲಿಲ್ಲ, ದ್ವೀಪ ತೋರಿಸಲಿಲ್ಲ. ಎರಡೂ ಕೈಯಿಂದ ದೋಣಿಯನ್ನು ಅಲ್ಲಾಡದಂತೆ ಹಿಡಿದುಕೊಂಡರು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಕಾಲು ಚಾಚಿದರು. ದೋಣಿ ನಿಧಾನವಾಗಿ ತಿರುಗಿ ಮರಗಳ ಕಡೆ ಹೊರಟಿತು.

ನನ್ನವರು ಒದ್ದೆ ಪ್ಯಾಂಟಿನಲ್ಲಿ ಬಂದು ನೆರಳಲ್ಲಿ ಕೂತು, ಬುತ್ತಿ ಹತ್ತಿರಕ್ಕೆ ಎಳೆದುಕೊಂಡು, ನೀನೂ ಕೂತ್ಕೋ ಎಂದರು. ನಾನು ಯಾವಾಗ ಎದ್ದು ನಿಂತಿದ್ದೆನೋ ನನಗೇ ತಿಳಿಯದು. ಅವರಿಬ್ಬರೂ ವಾಪಸು ಬರುವವರೆಗೆ ನಾನು ಕೂರಲಿಲ್ಲ.