ಮೇಷ್ಟ್ರ ಹಲ್ಲಿಗೆ ಚಳ್ಳೆಹಣ್ಣು

ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ದಿನದಿಂದ ಗೋಪಿನಾಥ ಮೇಷ್ಟ್ರಿಗೆ ಈ ಜಗತ್ತಿನಲ್ಲಿ ಒಂದೇ ಶತ್ರು: ‘ಸ’ ಅಕ್ಷರ. ಕಳೆದ ವರ್ಷ ಹಿಂದಿ ಸೀಮೆಯ ಕಿದ್ವಾಯಿ ನಗರದ ಕನ್ನಡ ಬಳಗದ ಸಭೆಯಲ್ಲಿ ಅವರು ‘ಸಹೃದಯರೇ’ ಎಂದು ಆರಂಭಿಸಿದ್ದೇ ತಡ, ಮೇಲಿನ ಸೆಟ್ಟು ಜಾರಿ, ಸಂಬೋಧನೆ ಕುಕ್ಕರಿನ ಸೀಟಿಯಾಗಿ ಹೊರಬಿತ್ತು. ಹಿಂದಿನ ಸಾಲಿನಿಂದ ಯಾರೋ, “ಅನ್ನ ಆಯ್ತು, ಇಳಿಸಿ!” ಎಂದರು. ನೌಕರಿಯುದ್ದಕ್ಕೂ ಮಕ್ಕಳ ಉಚ್ಚಾರಣೆ ತಿದ್ದಿದ ಜೀವಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೇ?

ಈ ವರ್ಷವೂ ಅಧ್ಯಕ್ಷತೆ ಅವರದೇ. ವಿಷಯ (ವಿಧಿಯ ಅಣಕ ನೋಡಿ) ‘ಶುದ್ಧ ಉಚ್ಚಾರಣೆ’. “ಮೇಷ್ಟ್ರೇ, ಈ ಸಲವೂ ಸೀಟಿ ಹೊಡೆದರೆ ಮುಂದಿನ ವರ್ಷ ಬೇರೆ ಅಧ್ಯಕ್ಷರನ್ನ ಹುಡುಕಬೇಕಾಗುತ್ತೆ,” ಎಂದು ಕಾರ್ಯದರ್ಶಿ ತಿಪ್ಪೇಸ್ವಾಮಿ ಮೊದಲೇ ಎಚ್ಚರಿಸಿದ್ದರು.

ಸಭೆಯ ದಿನ ಬೆಳಿಗ್ಗೆ ಹಲ್ಲು ಅಂಟಿಸುವ ಟ್ಯೂಬನ್ನು ಒತ್ತಿದರೆ ಅದು ನಿಟ್ಟುಸಿರು ಬಿಟ್ಟಿತೇ ಹೊರತು ಅಂಟನ್ನು ಬಿಡಲಿಲ್ಲ.

“ಲಾವಣ್ಯಾಗೆ ಹೇಳ್ತೀನಿ. ಮಗಳು ಫೋನು ಒತ್ತಿದರೆ ಹತ್ತು ನಿಮಿಷಕ್ಕೆ ಡೆಲಿವರಿ ಭಯ್ಯಾ ಹೊಸ ಟ್ಯೂಬು ತಂದುಕೊಡ್ತಾನೆ,” ಎಂದರು ಹೆಂಡತಿ ಶಾಂತಮ್ಮ.

“ಬೇಡ! ಆ ಟ್ಯೂಬಿನ ಪುದೀನಾ ಲೇಹ್ಯ ನಂಬಿಯೇ ನನ್ನ ಮಾನ ಹೋದದ್ದು. ಪಾರ್ಕಿನ ಹಿಂದೆ ಲಸೋಡಾ ಮರ ಇದೆಯಲ್ಲ, ಅದೇ ನಮ್ಮ ಚಳ್ಳೆಹಣ್ಣು ಕಣೇ!”

“ಗೊತ್ತು. ಇಲ್ಲಿಯವರು ಅದರ ಕಾಯಿ ಉಪ್ಪಿನಕಾಯಿ ಹಾಕ್ತಾರೆ.”

“ನಾವು ಅದರ ಹಣ್ಣಿನಿಂದ ವಿದ್ಯೆಯನ್ನೇ ಅಂಟಿಸಿಕೊಂಡವರು!”

ಮಾತು ಸುಳ್ಳಲ್ಲ. ಬಾಲ್ಯದಲ್ಲಿ ಹರಿದ ಪುಸ್ತಕಕ್ಕೂ ಗಾಳಿಪಟಕ್ಕೂ ಆ ಲೋಳೆಯೇ ಗತಿ. ಹಣ್ಣು ಹಿಸುಕಿ, ಬೀಜ ತೆಗೆದು, ಬೆರಳಲ್ಲಿ ಸವರಿದರೆ ಸಾಕು. ಅಂಟಿದ ಹಾಳೆ ಮತ್ತೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಒಂದು ಹಿಡಿ ಹಣ್ಣು ತಂದು ಮೊದಲು ಶಾಸ್ತ್ರೋಕ್ತವಾಗಿ ಪರೀಕ್ಷೆ ನಡೆಸಿದರು. ಎರಡು ಚೂರು ಕಾಗದ ಅಂಟಿಸಿ ಬಾಲ್ಕನಿಯ ಜೂನ್ ಬಿಸಿಲಿಗಿಟ್ಟರು. ಎಳೆದರೆ ಕಾಗದ ಹರಿಯಿತು, ಅಂಟು ಬಿಡಲಿಲ್ಲ.

“ಹಲ್ಲು ಕಾಗದ ಅಲ್ಲಾರೀ.”

“ಅಂಟಿಗೆ ಭೇದಭಾವ ಇಲ್ಲ ಕಣೇ!”

ಎರಡೂ ಸೆಟ್ಟಿಗೆ ಧಾರಾಳವಾಗಿ ಮೆತ್ತಿ, ಬಾಯಲ್ಲಿಟ್ಟುಕೊಂಡು, ಭದ್ರವಾಗಿ ಕಚ್ಚಿದರು. ಸಭೆಯವರೆಗೆ ಮಾತಿಲ್ಲ, ನೀರಿಲ್ಲ, ಕಾಫಿಯೂ ಇಲ್ಲ ಎಂದು ಕೈಸನ್ನೆಯಲ್ಲೇ ಘೋಷಿಸಿದರು. (ಮದುವೆಯಾದ ಮೇಲೆ ಮೊದಲ ಬಾರಿಗೆ ಶಾಂತಮ್ಮ ಟೀವಿಯ ಒಂದು ಧಾರಾವಾಹಿಯನ್ನು ಗಂಡನ ಟಿಪ್ಪಣಿಯಿಲ್ಲದೆ ನೋಡಿದರು.)

ಸಭೆ ತುಂಬಿತ್ತು. ಮೇಷ್ಟ್ರು ಎದ್ದು, ಮೈಕು ಸರಿಪಡಿಸಿಕೊಂಡು, ಬಾಯಿ ತೆರೆದರು. ಅಂದರೆ, ತೆರೆಯಲು ಹೋದರು. ತುಟಿ ತೆರೆಯಿತು, ಹಲ್ಲು ತೆರೆಯಲಿಲ್ಲ. ಒಸಡಿನ ಕಡೆಯ ಅಂಟು ಎಂಜಲಿಗೆ ಕರಗಿ ಬೆಂಡೆಕಾಯಿಯ ಲೋಳೆಯಾಗಿತ್ತು. ಹೊರಗೆ ಸೋರಿದ ಅಂಟು ಮಾತ್ರ ಗಾಳಿಗೆ ಒಣಗಿ, ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಅವಿಭಕ್ತ ಕುಟುಂಬ ಮಾಡಿತ್ತು. ಇನ್ನೊಂದು ಸಲ ದವಡೆ ಎಳೆದರೆ ಇಡೀ ಸಂಸಾರವೇ ಮುಂದಿನ ಸಾಲಿನವರ ಮಡಿಲಿಗೆ ಬೀಳುವುದು ಖಂಡಿತ.

“ಮ್ಮ್...” ಎಂದರು ಮೇಷ್ಟ್ರು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಭಾಷಣ ಗಂಟಲಲ್ಲೇ ಕೊಳೆಯಿತು. ಹತಾಶೆಯಿಂದ ಕಣ್ಣು ತುಂಬಿ ಬಂತು. ಕೈಮುಗಿದು ಕುಳಿತುಬಿಟ್ಟರು.

ಮರುಕ್ಷಣವೇ ಕಿವಿಗಡಚಿಕ್ಕುವ ಚಪ್ಪಾಳೆ.

“ನೋಡಿ!” ತಿಪ್ಪೇಸ್ವಾಮಿ ಕಣ್ಣೊರೆಸಿಕೊಂಡರು. “ಕನ್ನಡದ ಇವತ್ತಿನ ಸ್ಥಿತಿ ನೆನೆದು ಮೇಷ್ಟ್ರಿಗೆ ಮಾತೇ ಹೊರಡಲಿಲ್ಲ! ಇನ್ನು ಮೇಲೆ ಪ್ರತಿ ವರ್ಷವೂ ಇವರೇ ಅಧ್ಯಕ್ಷರು, ಹೀಗೇ ಮಾತಾಡಬೇಕು! ಚಲೋ, ಊಟಕ್ಕೆ ಏಳಿ!”

ಕನ್ನಡ ಅಷ್ಟಕ್ಕಷ್ಟೇ ಬರುವ ಮೊಮ್ಮಗಳು ಸಿಂಚನಾ ಓಡಿಬಂದು ತಬ್ಬಿಕೊಂಡಳು. “ತಾತಾ, ಏಕ್‌ದಮ್ ಬೆಸ್ಟ್ ಸ್ಪೀಚ್! ಫಸ್ಟ್ ಟೈಮ್ ನನಗೆ ಪೂರಾ ಸಮಝ್ ಆಯ್ತು!”

ಮನೆಯಲ್ಲಿ ಬಿಸಿನೀರು ಮುಕ್ಕಳಿಸಿ ಮುಕ್ಕಳಿಸಿ ಸೆಟ್ಟುಗಳನ್ನು ಬೇರ್ಪಡಿಸಿದ್ದಾಯಿತು. ಬಾಯಿ ಬಿಡುಗಡೆಯಾದ ಕೂಡಲೇ ಮೇಷ್ಟ್ರು, “ಶಾಂತಾ, ನಾನು ಸಿದ್ಧಪಡಿಸಿದ್ದ ಭಾಷಣ ನೀನಾದರೂ ಕೇಳು. ಸಹೃದಯರೇ...” ಎಂದರು. ಸೀಟಿ ಸ್ಪಷ್ಟವಾಗಿ ಬಂತು.

ಕೇಳಲು ಶಾಂತಮ್ಮ ಅಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಸೆರಗಿನ ತುಂಬ ಚಳ್ಳೆಹಣ್ಣು ಕಟ್ಟಿಕೊಂಡು ಬಂದರು.

“ಇದೆಲ್ಲ ಯಾಕೆ? ಸಭೆ ಇನ್ನು ಮುಂದಿನ ವರ್ಷ ತಾನೇ!”

“ಸಭೆಗೆ ವರ್ಷಕ್ಕೊಂದು ಸಲ ಸಾಕು,” ಎನ್ನುತ್ತ ಶಾಂತಮ್ಮ ಫ್ರಿಜ್ಜಿನ ಬಾಗಿಲು ತೆರೆದರು. “ಮನೆಗೆ ದಿನಾ ಬೇಕಲ್ಲ!”