ಪಕ್ಕದ ಮನೆಯ ಮಕ್ಕಳನ್ನು ಬಯ್ಯುವುದು ಹೇಗೆ?

ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ, ಗಂಟೆ ಬಾರಿಸದಿದ್ದರೆ ಹಸಿವಾದರೂ ಸುಮ್ಮನೆ ಕೂತಿರುವ ಜನರ ಪೈಕಿ ನಾನೂ ಒಬ್ಬಳು. ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಓದಿದವಳಾದ್ದರಿಂದ ಬಂದ ಅಭ್ಯಾಸ. ಅಲ್ಲಿ ನಗುವುದಕ್ಕೂ ಒಂದು ಹೊತ್ತಿತ್ತು, ಸಂಜೆಯ ಪ್ರಾರ್ಥನೆಗೆ ಮುಂಚೆ. ಹೀಗೆ ಬೆಳೆದವರಿಗೆ ತಾವು ಶಿಸ್ತಿನಲ್ಲಿದ್ದರೆ ಸಾಲದು, ಕಣ್ಣಿಗೆ ಬಿದ್ದವರೆಲ್ಲ ಶಿಸ್ತಿನಲ್ಲಿರಬೇಕು ಅನ್ನಿಸುತ್ತದೆ. ಗಂಡನನ್ನು ತಿದ್ದುವ ಕೆಲಸವನ್ನು ಮದುವೆಯಾದ ಹೊಸದರಲ್ಲೇ ಕೈಬಿಟ್ಟಿದ್ದೆ. ಉಳಿದದ್ದು ಮಕ್ಕಳು. ಅದರಲ್ಲೂ ಬೇಸಿಗೆ ರಜದಲ್ಲಿ ಬಿಸಿಲು ನೆರಳೆನ್ನದೆ ಬೀದಿ ಅಲೆಯುವ ಮಕ್ಕಳು.

ಆಗ ನಾವು ಚಾಮರಾಜನಗರದಲ್ಲಿದ್ದೆವು. ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸ್ವಾತಂತ್ರ್ಯ ಬಂದು ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಯಾರ ಬಾಯಲ್ಲಿ ನೋಡಿದರೂ ಶ್ರಮದಾನ, ಶಿಬಿರ, ದೇಶ ಕಟ್ಟುವ ಮಾತು. ದೊಡ್ಡವರು ಶಿಬಿರ ಮಾಡಿ ರಸ್ತೆ ಅಗೆಯುವುದಾದರೆ, ಮಕ್ಕಳಿಗೆ ನಮ್ಮ ಮನೆಯಲ್ಲೇ ಒಂದು ಶಿಬಿರ ಯಾಕಾಗಬಾರದು ಎಂದು ನನಗೆ ಹೊಳೆಯಿತು. ನಮ್ಮವರ ಅಭಿಪ್ರಾಯ ಕೇಳಿದೆ. ಅವರು ಕಚೇರಿಯಲ್ಲಿ ಕೆಲಸ ಬಹಳವಿದೆ, ಈ ತಿಂಗಳೆಲ್ಲ ಬರುವುದು ತಡವಾಗಬಹುದು ಎಂದರು. ಅದನ್ನು ಒಪ್ಪಿಗೆಯೆಂದು ತಿಳಿದೆ.

ನಮ್ಮ ಜೊತೆಗೆ ಎರಡು ಸಂಸಾರಗಳು ಸೇರಿದವು. ಒಂದು, ಪಕ್ಕದ ಮನೆಯ ಪುಟ್ಟತಾಯಮ್ಮನದು. ಆಕೆ ಹರವೆ ಕಡೆಯವರು, ಯಜಮಾನರದು ಅರಿಸಿನದ ವ್ಯಾಪಾರ, ಇಬ್ಬರು ಗಂಡುಮಕ್ಕಳು. ದೊಡ್ಡವನು ಮಾದೇವ. ಅವನ ತಮ್ಮನಿಗೆ ಸ್ವಂತ ಬುದ್ಧಿ ಇರಲಿಲ್ಲ, ಅಣ್ಣ ಮಾಡಿದ್ದನ್ನೇ ಮಾಡುತ್ತಿದ್ದ. ಆದ್ದರಿಂದ ಎಲ್ಲ ಅನಾಹುತಗಳೂ ನಮ್ಮಲ್ಲಿ ಎರಡೆರಡು ಸಲ ಆಗುತ್ತಿದ್ದವು. ಇನ್ನೊಂದು, ನನ್ನ ನಾದಿನಿ ಗೌರಮ್ಮನದು. ಅವಳ ಗಂಡ ಗುಂಡ್ಲುಪೇಟೆಯಲ್ಲಿ ಮರದ ಡಿಪೋ ಇಟ್ಟಿದ್ದರು. ಅವಳು ತನ್ನ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿದಳು. ನನಗಿದ್ದವಳು ಒಬ್ಬಳೇ ಮಗಳು, ಕಮಲಿ.

ಕೆಲಸ ಹಂಚಿಕೊಂಡೆವು. ಗೌರಮ್ಮನಿಗೆ ಅಡುಗೆ ಮತ್ತು ಕಥೆ. ಪುಟ್ಟತಾಯಮ್ಮನಿಗೆ ಸಂಜೆಯ ಆಟ, ಏಕೆಂದರೆ ಹಗಲೆಲ್ಲ ಅವರ ಮನೆಯಲ್ಲಿ ಅರಿಸಿನ ಹಸನು ಮಾಡುವ ಆಳುಗಳನ್ನು ನೋಡಿಕೊಳ್ಳಬೇಕಿತ್ತು. ಮಿಕ್ಕದ್ದೆಲ್ಲ ನನಗೆ: ಬೆಳಗಿನ ಕವಾಯತು, ಮಗ್ಗಿ, ತಕಲಿಯಲ್ಲಿ ನೂಲು ತೆಗೆಯುವುದು, ಹಿತ್ತಲಿನ ಕಳೆ ಕೀಳುವುದು, ಮಧ್ಯಾಹ್ನದ ಕಡ್ಡಾಯ ನಿದ್ದೆ. ಗಂಟೆ ಇರಲಿಲ್ಲವಾದ್ದರಿಂದ ಹಿತ್ತಾಳೆಯ ತಟ್ಟೆಗೆ ಸೌಟಿನಿಂದ ಹೊಡೆಯುತ್ತಿದ್ದೆ. ಇಲ್ಲೇನೋ ಕ್ಯಾಂಪ್ ಇದೆಯಂತೆ ಎಂಬ ಸುದ್ದಿ ಹಬ್ಬಿ, ಕುದೇರಿನ ಕಡೆಯ ರೈತರೊಬ್ಬರು ಅಮಲ್ದಾರರು ಬಂದಿದ್ದಾರೆಂದು ತಿಳಿದು ಅರ್ಜಿ ಹಿಡಿದು ಬಂದಿದ್ದೂ ಉಂಟು. ಜಗುಲಿಯ ಮೇಲೆ ಮಕ್ಕಳು ಹದಿನೇಳರ ಮಗ್ಗಿ ಒಪ್ಪಿಸುವುದನ್ನು ಅವರು ಸ್ವಲ್ಪ ಹೊತ್ತು ನಿಂತು ಕೇಳಿದರು. ಆಮೇಲೆ ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಶಿಬಿರವೆಂದ ಮೇಲೆ ಶಿಕ್ಷೆ ಬೇಕು, ಬಹುಮಾನವೂ ಬೇಕು. ಬಹುಮಾನ ಗೌರಮ್ಮನ ಗಂಡನಿಂದ ಬಂತು. ಶಿಬಿರದ ಕೊನೆಗೆ ಲಾರಿ ಕಳಿಸುತ್ತೇನೆ, ಎಲ್ಲರೂ ಗುಂಡ್ಲುಪೇಟೆಗೆ ಬಂದು ಗೋಪಾಲಸ್ವಾಮಿ ಬೆಟ್ಟ ಹತ್ತಿ, ಆನೆ ನೋಡಬಹುದು ಎಂದು ಹೇಳಿ ಕಳಿಸಿದ್ದರು. ಶಿಕ್ಷೆ ನನ್ನದು. ತಪ್ಪು ಮಾಡಿದವರು ನಡುಮನೆಯ ಗೋಡೆಗೆ ಮುಖ ಮಾಡಿ ನಿಲ್ಲಬೇಕು; ಯಾರು ಎಲ್ಲರಿಗಿಂತ ಹೆಚ್ಚು ಸಲ ನಿಲ್ಲುತ್ತಾರೋ ಅವರಿಗೆ ಬೆಟ್ಟವಿಲ್ಲ. ಕಮಲಿ ಕಾಡಿನ ಆನೆ ಕಂಡವಳಲ್ಲ. ಗೌರಮ್ಮನ ಹುಡುಗಿಯರು ಆನೆಯ ಮಾತನ್ನು ಪಕ್ಕದ ಬೀದಿಯ ನೆಂಟರ ಮಾತಿನಂತೆ ಆಡುವುದನ್ನು ಕೇಳಿ ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗ್ಗಿ ಬಿಡದೆ ಕಲಿತಳು, ಹಾಗಲಕಾಯಿ ಪಲ್ಯ ಮಾತಾಡದೆ ತಿಂದಳು. ಎಲ್ಲವೂ ಆನೆಗಾಗಿ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಪರರ ಮಕ್ಕಳನ್ನು ನೇರವಾಗಿ ಬಯ್ಯುವ ಪದ್ಧತಿ ಇಲ್ಲ. ಪಕ್ಕದ ಮನೆಯ ಹುಡುಗ ನಿಮ್ಮ ಕಣ್ಣೆದುರಿಗೇ ಉಪ್ಪಿನಕಾಯಿ ಜಾಡಿ ಒಡೆದರೂ, ಇರಲಿ ಬಿಡಪ್ಪ, ಕಾಲಿಗೆ ಚುಚ್ಚೀತು, ಈಚೆ ಬಾ ಎನ್ನಬೇಕು. ಹಾಗೆಂದು ಬಂದ ಕೋಪವನ್ನು ನುಂಗಬೇಕಾಗಿಲ್ಲ. ನಿಮ್ಮ ಮಗುವನ್ನು ಎಳೆದು ತಂದು, ಜಾಡಿಯನ್ನು ಅಲ್ಲಿಟ್ಟದ್ದಕ್ಕೋ, ಎತ್ತಿಡದೆ ಇದ್ದದ್ದಕ್ಕೋ ಚೆನ್ನಾಗಿ ಬಯ್ಯಬಹುದು. ಮುಟ್ಟಬೇಕಾದವರಿಗೆ ಅದು ಮುಟ್ಟುತ್ತದೆ ಎಂಬ ನಂಬಿಕೆ. ಹಾಸ್ಟೆಲಿನ ಶಿಸ್ತು ನನಗೆ ಎಷ್ಟೇ ಹಿಡಿದಿದ್ದರೂ ಇದರ ಮುಂದೆ ಅದರ ಆಟ ನಡೆಯಲಿಲ್ಲ. ಮಾದೇವ ಮತ್ತು ತಮ್ಮ ಮಹಡಿಯ ಮೇಲೆ ಒಣಹಾಕಿದ್ದ ಸಂಡಿಗೆಯ ಮೇಲೆ ಓಡಾಡಿದರು. ಕಮಲಿ ಆಗ ಕೆಳಗೆ, ನಾನೇ ಹೇಳಿದ್ದ ಕಡ್ಡಾಯ ನಿದ್ದೆಯಲ್ಲಿದ್ದಳು. ಅವಳನ್ನು ಎಬ್ಬಿಸಿ ಬಯ್ದೆ. ನಿದ್ದೆ ಮಾಡದೆ ಎಚ್ಚರವಾಗಿದ್ದಿದ್ದರೆ ಅವರಿಗೆ ಬೇಡವೆಂದು ಹೇಳಬಹುದಿತ್ತಲ್ಲವೇ ಎಂದು ಕೇಳಿ ಗೋಡೆಗೆ ನಿಲ್ಲಿಸಿದೆ. ಗೌರಮ್ಮನ ಹುಡುಗಿಯರು ತಕಲಿಗಳನ್ನು ಬುಗುರಿ ಮಾಡಿ ಮುರಿದರು. ಕಮಲಿ ಗೋಡೆಗೆ ನಿಂತಳು. ಎರಡು ವಾರ ಕಳೆಯುವಷ್ಟರಲ್ಲಿ ಅವಳು ಎಷ್ಟು ಪಳಗಿದಳೆಂದರೆ, ಒಳಗೆಲ್ಲೋ ಪಾತ್ರೆ ಬಿದ್ದ ಸದ್ದಾದರೆ ಸಾಕು, ಓದುತ್ತಿದ್ದ ಪುಸ್ತಕ ಮಡಚಿಟ್ಟು ತಾನೇ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ನಾನು ಬರುವ ತನಕವೂ ಕಾಯುತ್ತಿರಲಿಲ್ಲ.

ಉಳಿದ ಮಕ್ಕಳು ದಡ್ಡರಲ್ಲ. ಈ ಮನೆಯಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂಬುದು ಅವರಿಗೆ ಬಹು ಬೇಗ ಗೊತ್ತಾಯಿತು. ಪುಟ್ಟತಾಯಮ್ಮನಿಗೂ ಗೊತ್ತಾಗಿರಬೇಕು. ಒಂದು ಸಂಜೆ ಆಕೆ ಕುಂಟೆಬಿಲ್ಲೆಯ ಮನೆ ಗೀರುತ್ತಾ, ತಲೆ ಎತ್ತದೆ, "ಅಕ್ಕೋರೆ, ನಮ್ಮ ಮಾದೇವ್ನ ಬಯ್ಯೋದಿದ್ರೆ ಅವನ್ಗೇ ಬಯ್ದುಬುಡಿ. ಆ ಎಣ್ಮಗ ಏನ್ ಮಾಡ್ಯದೆ?" ಎಂದರು. ಛೆ, ನಿಮ್ಮ ಮಾದೇವ ಚಿನ್ನದಂಥ ಹುಡುಗ ಎಂದೆ. ಚಿನ್ನದಂಥ ಹುಡುಗ ಆ ಹೊತ್ತಿಗೆ ನಮ್ಮ ಬಾವಿಯ ಹಗ್ಗಕ್ಕೆ ತಮ್ಮನನ್ನು ಕಟ್ಟುತ್ತಿದ್ದ.

ಲಾರಿ ಬಂತು. ಮಕ್ಕಳೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಹತ್ತಿ ಕೂತರು. ಕಮಲಿಯೂ ಒಗೆದ ಬಟ್ಟೆ ಹಾಕಿಕೊಂಡಿದ್ದಳು, ಆದರೆ ಹತ್ತಲಿಲ್ಲ. ಬಾಗಿಲ ಪಕ್ಕ ನಿಂತಿದ್ದಳು. ನಿಯಮ ಮಾಡಿದವಳು ನಾನು. ಬೇರೆಯವರ ಮಗುವಾಗಿದ್ದರೆ ಆ ನಿಯಮವನ್ನು ಅಲ್ಲೇ ಮುರಿದು ಎಸೆದಿರುತ್ತಿದ್ದೆ. ನನ್ನದೇ ಮಗಳಿಗಾಗಿ ಮುರಿದರೆ ನಾಲ್ಕು ಜನ ಏನೆಂದಾರು? ನಮ್ಮವಳು ಇರಲಿ, ಮುಂದಿನ ವರ್ಷ ಹೋಗುತ್ತಾಳೆ, ನಿಮ್ಮ ಮಕ್ಕಳು ಹೋಗಿ ಬರಲಿ ಎಂದೆ.

ಪುಟ್ಟತಾಯಮ್ಮ ಲಾರಿಯ ಕಡೆ ತಿರುಗಿದರು. "ಕಮಲವ್ವ ಬರ್ದೆ ಇದ್ಮೇಲೆ ನಿಮ್ಗೆ ಯಾವ ಆನೆ? ಇಳೀರ್ಲಾ ಕೆಳಕ್ಕೆ."

ಮಾದೇವನೂ ತಮ್ಮನೂ ಇಳಿದರು. ಗೌರಮ್ಮ ಹಿಂದೆ ಬೀಳುವವಳಲ್ಲ, ತನ್ನ ಹುಡುಗಿಯರ ರಟ್ಟೆ ಹಿಡಿದು ಇಳಿಸಿದಳು. ನಾನು ಮಾದೇವನನ್ನು ಹತ್ತಿಸಿದೆ. ಅವನ ತಾಯಿ ಇಳಿಸಿದರು. ಗೌರಮ್ಮ ಪುಟ್ಟತಾಯಮ್ಮನ ಚಿಕ್ಕ ಮಗನನ್ನು ಎತ್ತಿ ಕೂರಿಸಿದಳು. ಪುಟ್ಟತಾಯಮ್ಮ ಗೌರಮ್ಮನ ಮಕ್ಕಳನ್ನು ಎತ್ತಿ ಕೂರಿಸಿದರು. ಇಬ್ಬರೂ ತಂತಮ್ಮ ಮಕ್ಕಳನ್ನು ಮತ್ತೆ ಕೆಳಗಿಳಿಸಿಕೊಂಡರು. ಡ್ರೈವರು ಬೀಡಿ ಹಚ್ಚಿ ಮುಗಿಸಿ, ಯಾರಾದರೂ ಹತ್ತುತ್ತೀರೋ, ಇಲ್ಲ ಬರೀ ಗಾಡಿ ಓಡಿಸಿಕೊಂಡು ಹೋಗಲೋ ಎಂದು ಕೇಳಿದ. ಅವನಿಗೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆಗ ಕಮಲಿ ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು: "ಅಮ್ಮ, ಬೆಟ್ಟಕ್ಕೆ ಹೋಗಿಬರೋ ತನಕ ನನ್ನನ್ನ ಪುಟ್ಟತಾಯತ್ತೆಗೆ ಕೊಟ್ಟುಬಿಡು. ಅವರ ಮಗಳಾದ್ರೆ ನೀನೇ ಕರಕೊಂಡು ಹೋಗ್ತೀಯ."

ಅಳುತ್ತಿರಲಿಲ್ಲ. ಲೆಕ್ಕದ ಉತ್ತರ ಹೇಳುವವಳಂತೆ ಹೇಳಿದಳು. ಪುಟ್ಟತಾಯಮ್ಮ ಅವಳ ಕೈ ಹಿಡಿದುಕೊಂಡೇಬಿಟ್ಟರು. "ಕೊಡಿ ಅತ್ಲಾಗೆ ಅಕ್ಕೋರೆ. ನಂಗೂ ಎಣ್ಮಗ ಇಲ್ಲ. ಬದ್ಲಿಗೆ ನಮ್ಮ ಮಾದೇವನ್ನ ಮಡಿಕಳಿ."

ಪುಟ್ಟತಾಯಮ್ಮನ ಮಗಳು ಎಂದೂ ಗೋಡೆಗೆ ನಿಂತವಳಲ್ಲ. ನನ್ನ ಮಗ ಮಾದೇವನೂ ನಿಂತವನಲ್ಲ. ನಿಯಮಕ್ಕೆ ಯಾವ ಭಂಗವೂ ಬರಲಿಲ್ಲವೆಂದು ನಾನು ಸಮಾಧಾನ ಮಾಡಿಕೊಂಡೆ, ಎಲ್ಲರೂ ಹತ್ತಿದೆವು.

ಆ ರಾತ್ರಿ ಗುಂಡ್ಲುಪೇಟೆಯಲ್ಲಿ ಗೌರಮ್ಮನ ಮನೆಯಲ್ಲಿದ್ದು, ಮಾರನೆಯ ಬೆಳಿಗ್ಗೆ ಬೆಟ್ಟದ ಬುಡಕ್ಕೆ ಹೋಗಿ ನಡೆದು ಹತ್ತಿದೆವು. ಮೇಲೆ ಮಂಜು, ಗಾಳಿ. ಬುತ್ತಿ ಬಿಚ್ಚಿ ಸಾಲಾಗಿ ಕೂತಿದ್ದಾಗ ಮಂಜು ಸ್ವಲ್ಪ ಸರಿಯಿತು. ಕಮಲಿ ಕೆಳಗಿನ ಕಾಡಿನಲ್ಲಿ ಏನನ್ನೋ ಕಂಡು, ಆನೆ ಎಂದು ಕೂಗಿ ಎದ್ದು ಓಡಿದಳು. ಓಡುವ ಭರದಲ್ಲಿ ಮೊಸರನ್ನದ ಪಾತ್ರೆಗೆ ಕಾಲು ತಗಲಿ ಪಾತ್ರೆ ಇಳಿಜಾರಿನಲ್ಲಿ ಉರುಳಿಹೋಯಿತು. ನನ್ನ ಕಣ್ಣೆದುರಿಗೇ ಆದದ್ದು. ಆದರೆ ಅವಳು ಪರರ ಮಗಳು. ನಾನು ತಿರುಗಿ, ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಊಟ ಮಾಡುತ್ತಿದ್ದ ಮಾದೇವನನ್ನು ಹಿಡಿದೆ. ಪಾತ್ರೆ ಅಲ್ಲಿದ್ದದ್ದು ನಿನಗೆ ಕಾಣಲಿಲ್ಲವೇ, ಪಕ್ಕಕ್ಕೆ ಸರಿಸಿ ಇಡಬಾರದಿತ್ತೇ ಎಂದು ಶುರು ಮಾಡಿದವಳು, ಸಂಡಿಗೆ, ಬಾವಿಯ ಹಗ್ಗ ಎಲ್ಲವನ್ನೂ ಒಂದೊಂದಾಗಿ ತೆಗೆದೆ. ಅವನು ತುತ್ತು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ತಾಯಿಯ ಕಡೆ ನೋಡಿ, "ಅವ್ವಾ, ಸಾಕು ಕಣವ್ವ. ನನ್ನ ವಾಪಸ್ ಇಸ್ಕಂಡ್ಬುಡು" ಎಂದ.

ಪುಟ್ಟತಾಯಮ್ಮನಿಗೆ ಅದು ಕೇಳಿಸಲಿಲ್ಲ. ಆಕೆ ಕಮಲಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಟ್ಟದ ಅಂಚಿನಲ್ಲಿ ನಿಂತಿದ್ದರು. ಗೌರಮ್ಮ, ಅವಳ ಹುಡುಗಿಯರು, ಮಾದೇವನ ತಮ್ಮ ಎಲ್ಲರೂ ಅಲ್ಲೇ ಇದ್ದರು. ಕೆಳಗಿನ ಕೆರೆಗೆ ಆನೆಗಳು ನೀರಿಗೆ ಬಂದಿದ್ದವಂತೆ. ಒಂದು ಮರಿಯೂ ಇತ್ತಂತೆ, ಅದು ತಾಯಿಯ ಕಾಲಿನ ಮಧ್ಯೆ ನುಸುಳಿ ಆಡುತ್ತಿತ್ತಂತೆ. ಮತ್ತೆ ಮಂಜು ಮುಚ್ಚುವ ತನಕ ಎಲ್ಲರೂ ಕಣ್ತುಂಬ ನೋಡಿದರು. ಕಮಲಿಗೆ ಈಗ ಮೊಮ್ಮಕ್ಕಳಿದ್ದಾರೆ. ಇವತ್ತಿಗೂ ಅವರಿಗೆ ಆ ಮರಿಯ ಕಥೆ ಹೇಳುತ್ತಾಳೆ, ನಾನೂ ಕೂತು ಕೇಳುತ್ತೇನೆ. ನಾನು ಮಾತ್ರ ಅದನ್ನು ನೋಡಲಿಲ್ಲ. ಮಾದೇವನನ್ನು ಬಯ್ಯುವುದು ಇನ್ನೂ ಮುಗಿದಿರಲಿಲ್ಲ.